ಒಂದೇ ಚಂದ್ರ, ಎರಡು ಹಬ್ಬ

2018, 2019, 2020: ಮೂರು ವರ್ಷ ಗಣೇಶ ಚೌತಿ, ಮೊಹರಂ ಜೊತೆಜೊತೆಗೇ ಬಂದವು. ಕಚೇರಿಯವರು ನಮ್ಮನ್ನು ಕೇಳಿದ್ದು ಬಂದೋಬಸ್ತಿನ ಸುದ್ದಿ. ಎರಡೂ ಯಾಕೆ ಕೂಡಿ ಬಂದವೆಂದು ಅವರು ಕೇಳಲಿಲ್ಲ, ನಾವೂ ಬರೆಯಲಿಲ್ಲ.

ಆ ವರ್ಷಗಳಲ್ಲಿ ಭಾದ್ರಪದವೂ ಮೊಹರಂ ತಿಂಗಳೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಶುರುವಾಗಿದ್ದವು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಹಬ್ಬ ಋತು ತಪ್ಪದಿರಲೆಂದು ಹಿಂದೂ ಪಂಚಾಂಗ ಅಧಿಕ ಮಾಸ ಸೇರಿಸುತ್ತದೆ. ಯಹೂದಿಗಳೂ 19 ವರ್ಷಕ್ಕೆ 7 ತಿಂಗಳು ಸೇರಿಸುತ್ತಾರೆ. ಇಸ್ಲಾಂ ಅದನ್ನು ನಿಷೇಧಿಸಿತು. ಹಾಗಾಗಿ ಕ್ರಿ.ಶ. 680ರ ಅಕ್ಟೋಬರಿನಲ್ಲಿ ಕರ್ಬಲಾದಲ್ಲಿ ಹುಸೇನರು ಹತರಾದ ದಿನದ ಶೋಕ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಮುದಗಲ್ಲಿನ ದೊಡ್ಡ ಮೊಹರಂ ಮಾತು ಬೇರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಕುಣಿ ತೋಡಿ ದೇವರು ಕೂರಿಸುತ್ತಾರೆ. ಹೆಜ್ಜೆಮೇಳದವರು ಒಂದು ಕಾಲಕ್ಕೆ ಬಿತ್ತನೆ ಬಿಟ್ಟು ಬರಬೇಕು, ಇನ್ನೊಂದು ಕಾಲಕ್ಕೆ ರಾಶಿ ಬಿಟ್ಟು. ಬರುತ್ತಾರೆ.

2019ರ ಸೆಪ್ಟೆಂಬರ್ 2ಕ್ಕೆ ಗಣಪ ಕೂತ, 10ಕ್ಕೆ ಪೀರಲ ದೇವರು ಹೊಳೆಗೆ ಹೋದವು, 12ಕ್ಕೆ ಅನಂತ ಚತುರ್ದಶಿಯ ವಿಸರ್ಜನೆ. 2020ರಲ್ಲಿ ಅಧಿಕ ಆಶ್ವೀಜ ಬಂತು. 2021ಕ್ಕೆ ಮೊಹರಂ ಆಗಸ್ಟ್ 20, ಚೌತಿ ಸೆಪ್ಟೆಂಬರ್ 10. ಬಂದೋಬಸ್ತಿನ ಸುದ್ದಿಯನ್ನು ಎರಡು ಸಲ ಕಳಿಸಿದೆವು.