ಯಂತ್ರ ಹೊತ್ತ ಹಲಗೆಯ ಚರಿತ್ರೆ

ದೋಣಿಗೆ ಯಂತ್ರ ಬಂದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಯಂತ್ರದ ಕಥೆಯನ್ನೇ ಹೇಳುತ್ತಾರೆ. ಅದನ್ನು ಹೊತ್ತು ನಿಂತ ಹಲಗೆಯ ಮಾತು ಬರುವುದು ಅಪರೂಪ. ದೋಣಿಯ ಹಿಂಬದಿಯನ್ನು ಅಡ್ಡಲಾಗಿ ಮುಚ್ಚುವ ಈ ಹಲಗೆಗೆ ಟ್ರಾನ್ಸಮ್ ಎಂದು ಹೆಸರು. ದೋಣಿಯ ಹೊರಗೆ ತೂಗುವ ಔಟ್‌ಬೋರ್ಡ್ ಇಂಜಿನ್ನು ಕಚ್ಚಿಕೊಂಡಿರುವುದು ಇದನ್ನೇ. ಇಂಜಿನ್ನು ಕೆಟ್ಟರೆ ದೋಣಿ ನಿಂತೀತು; ಈ ಹಲಗೆ ಕೆಟ್ಟರೆ ದೋಣಿಯೇ ಮುಳುಗೀತು.

ಔಟ್‌ಬೋರ್ಡ್ ಇಂಜಿನ್ನನ್ನು ಜನಪ್ರಿಯಗೊಳಿಸಿದವರು ನಾರ್ವೆಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಹೋದ ಓಲೆ ಎವಿನ್ರೂಡ್. ಅವರಿಗಿಂತ ಮೊದಲೇ ಕ್ಯಾಮೆರಾನ್ ವಾಟರ್‌ಮನ್ ಮುಂತಾದವರು ಇಂಥ ಇಂಜಿನ್ನುಗಳನ್ನು ಮಾರಿದ್ದರು. ಆದರೆ 1909ರಲ್ಲಿ ಮಿಲ್ವಾಕಿ ನಗರದಿಂದ ಹೊರಬಂದ ಎವಿನ್ರೂಡರ ಇಂಜಿನ್ನು ಮನೆಮಾತಾಯಿತು. ಅದರ ಬಲ ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡು, ಅಂದರೆ ಸುಮಾರು 28 ಕಿಲೋ. ಹುಟ್ಟು ಹಾಕುವ ದೋಣಿಯ ಗಟ್ಟಿಮರದ ಹಲಗೆಗೆ ಇದೇನೂ ದೊಡ್ಡ ಹೊರೆಯಾಗಿರಲಿಲ್ಲ.

ಹೊರೆ ಬೆಳೆದದ್ದು ಎರಡನೆಯ ಮಹಾಯುದ್ಧದ ನಂತರ. 1958ರ ಹೊತ್ತಿಗೆ 50 ಅಶ್ವಶಕ್ತಿಯ ಇಂಜಿನ್ನು ಮಾರುಕಟ್ಟೆಯಲ್ಲಿತ್ತು. 1960ರ ದಶಕದ ಆರಂಭದಲ್ಲಿ ಅದು 100ಕ್ಕೇರಿತು. ಅದೇ ಕಾಲದಲ್ಲಿ ದೋಣಿಯೂ ಬದಲಾಯಿತು. ಮರದ ಬದಲು ಫೈಬರ್‌ಗ್ಲಾಸ್ ಬಂತು. ಇದಕ್ಕೆ ಹುಳ ಹತ್ತುವುದಿಲ್ಲ, ಇದು ಕೊಳೆಯುವುದಿಲ್ಲ ಎಂದು ಜನ ಹಿಗ್ಗಿದರು. ಆದರೆ ಬಹಳಷ್ಟು ದೋಣಿಗಳಲ್ಲಿ ಟ್ರಾನ್ಸಮ್ಮಿನ ಒಳಗೆ ಇದ್ದದ್ದು ಪ್ಲೈವುಡ್ಡೇ. ಅದರ ಎರಡೂ ಮೈಗೆ ಫೈಬರ್‌ಗ್ಲಾಸಿನ ಹೊದಿಕೆ ಅಷ್ಟೆ. ಬೋಲ್ಟಿನ ತೂತುಗಳಿಂದ, ನೀರು ಬಸಿಯುವ ಕಂಡಿಯಿಂದ ತೇವ ಒಳಸೇರಿತು. ಹೊದಿಕೆ ಆ ತೇವವನ್ನು ಹೊರಹೋಗಲು ಬಿಡಲಿಲ್ಲ. ಹೊರಗೆ ಮಿರುಗುವ ಬಣ್ಣ, ಒಳಗೆ ಕೊಳೆತ ಮರ!

ಈ ಹಲಗೆ ಹೊರುವುದು ತೂಕವನ್ನು ಮಾತ್ರವಲ್ಲ. ನೀರಿನೊಳಗೆ ತಿರುಗುವ ಪ್ರೊಪೆಲ್ಲರು ಟ್ರಾನ್ಸಮ್ಮಿನ ಕೆಳಭಾಗವನ್ನು ಮುಂದಕ್ಕೆ ಒತ್ತುತ್ತದೆ, ಮೇಲಂಚನ್ನು ಹಿಂದಕ್ಕೆ ಜಗ್ಗುತ್ತದೆ. ಅಲೆಯ ಮೇಲೆ ದೋಣಿ ಎದ್ದು ಬಿದ್ದಾಗಲೆಲ್ಲ ಏಟು ಬೀಳುವುದೂ ಅಲ್ಲಿಯೇ. ಅಮೆರಿಕದಲ್ಲಿ 1996ರ ಹೊಗೆ ನಿಯಂತ್ರಣದ ನಿಯಮಗಳ ನಂತರ ಫೋರ್‌ಸ್ಟ್ರೋಕ್ ಇಂಜಿನ್ನುಗಳು ಹೆಚ್ಚಿದವು. ಅಷ್ಟೇ ಬಲದ ಹಳೆಯ ಟೂಸ್ಟ್ರೋಕಿಗಿಂತ ಇವು ಸಾಮಾನ್ಯವಾಗಿ ಭಾರ. ಮುಪ್ಪಾದ ಹಲಗೆಗೆ ಹರೆಯದ ಹೊರೆ!

ನಮ್ಮ ಪಶ್ಚಿಮ ಕರಾವಳಿಯ ಕಥೆ ಇನ್ನೊಂದು ಬಗೆಯದು. ಇಲ್ಲಿಯ ಹಳೆಯ ದೋಣಿಗಳಲ್ಲಿ ಅನೇಕಕ್ಕೆ ಎರಡೂ ತುದಿ ಚೂಪು. ಟ್ರಾನ್ಸಮ್ ಎಂಬುದೇ ಇರಲಿಲ್ಲ. 1980ರ ದಶಕದಲ್ಲಿ ಔಟ್‌ಬೋರ್ಡ್ ಇಂಜಿನ್ನು ಹರಡಿದಾಗ ಹಲವರು ಅದನ್ನು ದೋಣಿಯ ಪಕ್ಕಕ್ಕೆ ತೂಗುಹಾಕಿದರು. ಹಿಂಬದಿ ಚಪ್ಪಟೆಯಾದ ದೋಣಿಗಳೂ ಬಂದವು. ಸೀಮೆಎಣ್ಣೆಯ ಇಂಜಿನ್ನಿನಿಂದ ನಾಡದೋಣಿಯವರು ದೂರ ಹೋಗಿ ಬೇಗ ಮರಳುವಂತಾಯಿತು. ಆದರೆ ಅಳಿವೆಯ ಬಾಯಲ್ಲಿ, ಮುರಿಯುವ ಅಲೆಗಳ ನಡುವೆ ಇಂಜಿನ್ನಿನ ಹಿಡಿತ ಸಡಿಲಿದರೆ ಹಲಗೆಯ ಪ್ರಶ್ನೆ ಪ್ರಾಣದ ಪ್ರಶ್ನೆಯಾಗುತ್ತದೆ.

ಹಲಗೆಯ ರೋಗ ಪತ್ತೆಹಚ್ಚುವುದು ಕಷ್ಟವಲ್ಲ. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಮರ ಟಣ್ಣೆನ್ನುತ್ತದೆ, ಕೊಳೆತದ್ದು ದೊಬ್ಬೆನ್ನುತ್ತದೆ. ಇಂಜಿನ್ನಿನ ಕೆಳತುದಿಯನ್ನು ಅದುಮಿದಾಗ ಹಲಗೆ ಬಾಗಿದರೂ ಸಂಶಯಪಡಬೇಕು. ಹಲಗೆ ನಡುಗಿದ್ದಕ್ಕೆ ಇಂಜಿನ್ನನ್ನು ಬಿಚ್ಚಿ ರಿಪೇರಿ ಮಾಡಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಚಿಕಿತ್ಸೆಯಲ್ಲಿ ಅಡ್ಡದಾರಿಯಿಲ್ಲ. ಎರಡೂ ಮಗ್ಗುಲಿಗೆ ಅಲ್ಯುಮಿನಿಯಂ ತಗಡು ಬಿಗಿದರೆ ಭಾರ ಹಂಚಿಕೆಯಾದೀತು, ಕೊಳೆತ ಮರ ಬದುಕದು. ದೋಣಿಯ ಆಕಾರ ಕೆಡದಂತೆ ಆಸರೆ ಕೊಟ್ಟು, ಒಳಹೊದಿಕೆಯನ್ನು ಕತ್ತರಿಸಿ, ಕೊಳೆತದ್ದನ್ನೆಲ್ಲ ಕೆರೆದು ತೆಗೆದು, ಉಳಿದದ್ದನ್ನು ಚೆನ್ನಾಗಿ ಒಣಗಿಸಬೇಕು. ನೀರು ತಾಳುವ ಮೆರೀನ್ ಪ್ಲೈವುಡ್ಡನ್ನು ಎಪಾಕ್ಸಿ ಅಂಟಿನಿಂದ ಪದರ ಪದರವಾಗಿ ಕೂಡಿಸಿ, ಮತ್ತೆ ಫೈಬರ್‌ಗ್ಲಾಸ್ ಹೊದಿಸಬೇಕು. ಭಾರವು ತಳಕ್ಕೂ ಪಕ್ಕಗಳಿಗೂ ಹರಡುವಂತೆ ಮೂಲೆಗಳಲ್ಲಿ ತ್ರಿಕೋನದ ಆಸರೆಗಳನ್ನು ಕೂಡಿಸಬೇಕು. ಬೋಲ್ಟಿನ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಮತ್ತೆ ಕೊರೆದರೆ ನೀರು ಮರವನ್ನು ಮುಟ್ಟುವುದಿಲ್ಲ. ಮೂಲ ರೋಗ ತಪ್ಪುವುದು ಈ ಕೊನೆಯ ಕೆಲಸದಿಂದಲೇ.

ಎವಿನ್ರೂಡರ ಹೆಸರು ಹೊತ್ತ ಇಂಜಿನ್ನುಗಳ ತಯಾರಿಕೆ 2020ರಲ್ಲಿ ನಿಂತುಹೋಯಿತು. ಅವನ್ನು ಹೊತ್ತ ಹಳೆಯ ದೋಣಿಗಳು ಇಂದಿಗೂ ನೀರಿನ ಮೇಲಿವೆ. ವೇಗದ ಹೊಗಳಿಕೆ ಇಂಜಿನ್ನಿಗೆ ಸಂದರೂ, ಹೋದವರನ್ನು ದಡಕ್ಕೆ ಮರಳಿ ತರುವುದರಲ್ಲಿ ಹಲಗೆಗೂ ಸಮಪಾಲಿದೆ.