ಉಗ್ಗು, ತೊದಲು ಮತ್ತು ಒಂದು ಪದವಿಯ ನೂರು ವರ್ಷ

ಕಾಲೇಜಿನಲ್ಲಿ ಯಾವ ಮೇಜರ್ ತೆಗೆದುಕೊಳ್ಳುವುದು ಎಂಬ ಮಾತು ಬಂದಾಗ ನಮ್ಮ ಮನೆಗಳಲ್ಲಿ ಕಂಪ್ಯೂಟರ್, ಮೆಡಿಸಿನ್, ಬಿಸಿನೆಸ್ ಇವುಗಳ ಹೆಸರೇ ಮೊದಲು ಬರುತ್ತದೆ. ಇವತ್ತು ನಾನು ಮಾತಾಡುವುದು ಅಷ್ಟಾಗಿ ಕೇಳಿಬರದ ಒಂದು ಮೇಜರ್ ಬಗ್ಗೆ: ಕಮ್ಯುನಿಕೇಶನ್ ಸೈನ್ಸಸ್ ಅಂಡ್ ಡಿಸಾರ್ಡರ್ಸ್. ನಾವು ಹೇಗೆ ಮಾತಾಡುತ್ತೇವೆ, ಹೇಗೆ ಕೇಳಿಸಿಕೊಳ್ಳುತ್ತೇವೆ, ಮಗು ಭಾಷೆಯನ್ನು ಹೇಗೆ ಕಲಿಯುತ್ತದೆ, ಇದರಲ್ಲಿ ಎಲ್ಲಿ ತೊಡಕಾಗುತ್ತದೆ ಎಂಬುದನ್ನು ಕಲಿಸುವ ಪದವಿ ಇದು. ಅಮೆರಿಕದಲ್ಲಿ ಈ ವಿದ್ಯೆಗೆ ಸುಮಾರು ನೂರು ವರ್ಷದ ಚರಿತ್ರೆ ಇದೆ. ಆ ಚರಿತ್ರೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಒಬ್ಬರ ಮಾತಿನಲ್ಲಿ ನಿಜವಾಗಿ ತೊಂದರೆ ಇದೆಯೋ, ಅಥವಾ ಅದು ನಮ್ಮ ಕಿವಿಗೆ ಬೇರೆಯಾಗಿ ಕೇಳುತ್ತದೆಯೋ? ಎರಡು ಭಾಷೆಗಳ ಮನೆಯಲ್ಲಿ ಬೆಳೆದ ನಿಮಗೆ ಈ ಪ್ರಶ್ನೆ ಹೊಸದಲ್ಲ.

ಕಥೆ ಶುರುವಾಗುವುದು ಅಯೋವಾ ವಿಶ್ವವಿದ್ಯಾಲಯದಲ್ಲಿ. 1920ರ ದಶಕದಲ್ಲಿ ಅಲ್ಲಿ ಲೀ ಎಡ್ವರ್ಡ್ ಟ್ರಾವಿಸ್ ಎಂಬ ಮನಶ್ಶಾಸ್ತ್ರಜ್ಞ ಉಗ್ಗುವವರ ಬಗ್ಗೆ ಸಂಶೋಧನೆ ನಡೆಸುತ್ತಿದ್ದ. ಮಿದುಳಿನ ಎಡಬಲ ಭಾಗಗಳ ಹಿಡಿತ ಸರಿಯಾಗಿ ಹಂಚಿಕೆಯಾಗದೆ ಉಗ್ಗು ಬರುತ್ತದೆ ಎಂಬುದು ಅವನ ಊಹೆ. 1926ರಲ್ಲಿ ಕಾನ್ಸಸ್ಸಿನ ರೈತರ ಮನೆಯ ಹುಡುಗ ವೆಂಡೆಲ್ ಜಾನ್ಸನ್ ಅಲ್ಲಿಗೆ ಬಂದ. ಅವನಿಗೇ ವಿಪರೀತ ಉಗ್ಗು. ಬಲಗೈಯನ್ನು ಬಿಟ್ಟು ಎಡಗೈಯಲ್ಲೇ ಎಲ್ಲ ಕೆಲಸ ಮಾಡುವ ಚಿಕಿತ್ಸೆಗೂ ಅವನು ಒಡ್ಡಿಕೊಂಡ, ಉಗ್ಗು ಹೋಗಲಿಲ್ಲ. ಮುಂದೆ ಈ ವಿದ್ಯೆಯ ದೊಡ್ಡ ಹೆಸರುಗಳಲ್ಲಿ ಒಬ್ಬನಾದ. ಇನ್ನೊಬ್ಬ ಹಿರಿಯ ಚಾರ್ಲ್ಸ್ ವ್ಯಾನ್ ರೈಪರ್ ಕೂಡ ಉಗ್ಗುತ್ತಿದ್ದವನೇ. ಈ ವಿದ್ಯೆಯನ್ನು ಕಟ್ಟಿದವರಲ್ಲಿ ಹಲವರು ಮೊದಲು ತಾವೇ ರೋಗಿಗಳಾಗಿದ್ದರು.

ಜಾನ್ಸನ್ನನ ವಾದವನ್ನು ಕನ್ನಡದಲ್ಲಿ ಹೇಳುವುದು ಸುಲಭ, ಯಾಕೆಂದರೆ ನಮ್ಮಲ್ಲಿ ಎರಡು ಪದಗಳಿವೆ. ಪುಟ್ಟ ಮಗು ತಡವರಿಸಿದರೆ ಅದನ್ನು ತೊದಲು ಎನ್ನುತ್ತೇವೆ, ಕೇಳಿ ಖುಷಿಪಡುತ್ತೇವೆ. ದೊಡ್ಡವರು ತಡವರಿಸಿದರೆ ಉಗ್ಗು ಎನ್ನುತ್ತೇವೆ. ಆ ಪದ ಎಷ್ಟೋ ಸಲ ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. ಎಲ್ಲ ಮಕ್ಕಳೂ ಸ್ವಲ್ಪ ತೊದಲುತ್ತಾರೆ, ತಂದೆತಾಯಿ ಅದಕ್ಕೆ ಉಗ್ಗು ಎಂದು ಹೆಸರಿಟ್ಟು ಗಾಬರಿಪಟ್ಟಾಗಲೇ ಅದು ನಿಜವಾದ ಉಗ್ಗಾಗುತ್ತದೆ ಎಂದು ಜಾನ್ಸನ್ ನಂಬಿದ.

ಈ ಯೋಚನೆಯನ್ನು ಪರೀಕ್ಷಿಸಲು 1939ರಲ್ಲಿ ಒಂದು ಪ್ರಯೋಗ ನಡೆಯಿತು. ಜಾನ್ಸನ್ನನ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಡ್ಯಾವೆನ್‌ಪೋರ್ಟ್ ಊರಿನ ಅನಾಥಾಲಯದ 22 ಮಕ್ಕಳನ್ನು ಆರಿಸಿಕೊಂಡಳು. ಅವರಲ್ಲಿ ಚೆನ್ನಾಗಿ ಮಾತಾಡುತ್ತಿದ್ದ ಆರು ಮಕ್ಕಳಿಗೆ, ನಿಮಗೆ ಉಗ್ಗು ಶುರುವಾಗುತ್ತಿದೆ, ಸರಿಯಾಗಿ ಬಾರದಿದ್ದರೆ ಮಾತಾಡಲೇಬೇಡಿ ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಆ ಮಕ್ಕಳು ಉಗ್ಗುವವರಾಗಲಿಲ್ಲ. ಆದರೆ ಮುದುಡಿಕೊಂಡರು, ಬಾಯಿ ಬಿಡಲು ಹೆದರಿದರು. ಆ ಪ್ರಬಂಧ ಗ್ರಂಥಾಲಯದ ಕಪಾಟಿನಲ್ಲೇ ಉಳಿಯಿತು. 2001ರಲ್ಲಿ ಒಂದು ಪತ್ರಿಕೆ ಇದನ್ನು ಬಯಲಿಗೆ ತಂದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. 2007ರಲ್ಲಿ ಅಯೋವಾ ರಾಜ್ಯ 9,25,000 ಡಾಲರ್ ಪರಿಹಾರ ಕೊಡಲು ಒಪ್ಪಿತು. ಉಗ್ಗಿಗೆ ವಂಶವಾಹಿಗಳೂ ಮಿದುಳಿನ ರಚನೆಯೂ ಕಾರಣ ಎಂದು ಇವತ್ತಿನ ವಿಜ್ಞಾನ ಹೇಳುತ್ತದೆ. ಜಾನ್ಸನ್ನನ ಸಿದ್ಧಾಂತ ಬಿದ್ದುಹೋಗಿದೆ. ನಿನ್ನ ಮಾತು ಸರಿಯಿಲ್ಲ ಎಂದು ಮಗುವಿಗೆ ಹೇಳುತ್ತಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಆ ಪ್ರಯೋಗ ತೋರಿಸಿಕೊಟ್ಟಿತು.

ಹಾಗೆ ಹೇಳಿಸಿಕೊಂಡವರು ಆ ಅನಾಥ ಮಕ್ಕಳಷ್ಟೇ ಅಲ್ಲ. ಈ ವೃತ್ತಿಯವರ ಸಂಘ 1925ರಲ್ಲಿ ಹುಟ್ಟಿದಾಗ ಅದರ ಹೆಸರು ಅಮೆರಿಕನ್ ಅಕಾಡೆಮಿ ಆಫ್ ಸ್ಪೀಚ್ ಕರೆಕ್ಷನ್. ಕರೆಕ್ಷನ್ ಎಂದರೆ ತಿದ್ದುವುದು. ವಲಸಿಗರ ಮಕ್ಕಳ ಉಚ್ಚಾರಣೆಯನ್ನೂ ತಿದ್ದಬೇಕಾದ ದೋಷವೆಂದೇ ಎಣಿಸುತ್ತಿದ್ದ ಕಾಲ ಅದು. ಮಕ್ಕಳ ಮಾತು ಚೆನ್ನಾಗಬೇಕಾದರೆ ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಆಡಿ ಎಂಬ ಸಲಹೆ ಎಷ್ಟೋ ಕುಟುಂಬಗಳಿಗೆ ಸಿಕ್ಕಿತು, ಎಷ್ಟೋ ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳ ಮಾತು ಅಲ್ಲಿಗೇ ನಿಂತಿತು. ಮುಂದೆ ಕಪ್ಪು ಜನಾಂಗದ ವೃತ್ತಿಪರರು ಸಂಘದ ಒಳಗೇ ಇದನ್ನು ಪ್ರಶ್ನಿಸಿದರು. ಕೊನೆಗೆ 1983ರಲ್ಲಿ ಸಂಘ ತನ್ನ ನಿಲುವನ್ನು ಬರೆದು ಪ್ರಕಟಿಸಿತು: ಇಂಗ್ಲಿಷಿನ ಯಾವ ಪ್ರಭೇದವೂ ಮಾತಿನ ಅಥವಾ ಭಾಷೆಯ ಕಾಯಿಲೆಯಲ್ಲ. ಎರಡು ಭಾಷೆ ಕಲಿತರೆ ಮಗುವಿಗೆ ಭಾಷೆಯ ತೊಂದರೆ ಬರುವುದಿಲ್ಲ ಎಂಬುದೂ ಸಂಶೋಧನೆಯಿಂದ ಖಚಿತವಾಗಿದೆ.

ಇದನ್ನು ನಮ್ಮ ಮನೆಯ ಉದಾಹರಣೆಯಿಂದಲೇ ನೋಡಿ. ಕನ್ನಡದಲ್ಲಿರುವುದು ಒಂದೇ 'ವ'. ಆದ್ದರಿಂದ ವಿ ಮತ್ತು ಡಬಲ್ಯೂ ಎರಡಕ್ಕೂ ನಮ್ಮ ಅಪ್ಪ ಅಮ್ಮಂದಿರ ನಾಲಿಗೆ ಅದೊಂದನ್ನೇ ಬಳಸುತ್ತದೆ. ಅದು ಕನ್ನಡದ ಗುರುತು, ಕಾಯಿಲೆಯಲ್ಲ. ಇನ್ನೊಂದು ಕಡೆ, ಇಂಗ್ಲಿಷಿಗೆಂದು ಮಾಡಿದ ಪರೀಕ್ಷೆ 'ಹಳ್ಳಿ'ಯ ಳಕಾರವನ್ನೂ 'ಹಣ್ಣು' ಎನ್ನುವಾಗಿನ ಣಕಾರವನ್ನೂ ಕೇಳುವುದೇ ಇಲ್ಲ. ಕನ್ನಡದ ಮಗುವಿಗೆ ಕನ್ನಡದಲ್ಲೇ ಪರೀಕ್ಷೆ ಬೇಕು.

ಆ ಕೆಲಸಕ್ಕೆ ಕೈಹಾಕಿದ್ದು ಮೈಸೂರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದ ನಡುವೆ ಆರಂಭವಾಯಿತು. ಮೈಸೂರಿನವರು ಅದನ್ನು ಆಯಿಷ್ ಎನ್ನುತ್ತಾರೆ. 1966ರಲ್ಲಿ ಅದರ ಅಡಿಗಲ್ಲು ಇಟ್ಟವರು ಆಗಿನ ರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್, ಹಿಂದೆ ಅದೇ ಊರಿನ ಮಹಾರಾಜಾ ಕಾಲೇಜಿನಲ್ಲಿ ಮೇಷ್ಟರಾಗಿದ್ದವರು. ಅಮೆರಿಕದಲ್ಲಿ ಬೆಳೆದ ಈ ವಿದ್ಯೆಯನ್ನು ಭಾರತದ ಭಾಷೆಗಳಿಗೆ ಒಗ್ಗಿಸುವ ಕೆಲಸ ಅಲ್ಲಿ ನಡೆಯಿತು. 1972ರಲ್ಲೇ ಕನ್ನಡ ಉಚ್ಚಾರಣೆಯ ಪರೀಕ್ಷೆಯೊಂದು ಅಲ್ಲಿಂದ ಹೊರಬಂತು.

ಭಾರತದಲ್ಲಿ ಈ ಪದವಿಗೆ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷ. ಮುಗಿಸಿ ನೋಂದಣಿ ಮಾಡಿಸಿಕೊಂಡರೆ ವೃತ್ತಿ ಮಾಡಬಹುದು. ಇಲ್ಲಿ ಅಮೆರಿಕದಲ್ಲಿ ಬ್ಯಾಚುಲರ್ಸ್ ಮೊದಲ ಮೆಟ್ಟಿಲು ಮಾತ್ರ. ಸ್ಪೀಚ್ ಥೆರಪಿಗೆ ಮಾಸ್ಟರ್ಸ್ ಬೇಕು, ಆಡಿಯಾಲಜಿಗೆ ಡಾಕ್ಟರೇಟ್ ಬೇಕು. ಸ್ಪೀಚ್ ಥೆರಪಿಯ ಪ್ರಮಾಣಪತ್ರಕ್ಕೆ 400 ಗಂಟೆಗಳ ಕ್ಲಿನಿಕ್ ಅನುಭವ ಬೇಕು. ಅದರಲ್ಲಿ 25 ಗಂಟೆ ಪಕ್ಕದಲ್ಲಿ ಕೂತು ನೋಡಿ ಕಲಿಯುವುದು. ಬ್ಯಾಚುಲರ್ಸ್‌ನಲ್ಲಿ ಓದುವುದು ಕಿವಿ ಗಂಟಲುಗಳ ರಚನೆ, ಶಬ್ದದ ಭೌತಶಾಸ್ತ್ರ, ಮಗುವಿನ ಭಾಷೆ ಬೆಳೆಯುವ ಬಗೆ, ಧ್ವನಿವಿಜ್ಞಾನ.

ಧ್ವನಿವಿಜ್ಞಾನದ ತರಗತಿಯಲ್ಲಿ ವ್ಯಂಜನಗಳನ್ನು ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತವೆ ಎಂಬುದರ ಪ್ರಕಾರ ಜೋಡಿಸಿದ ಒಂದು ಪಟ್ಟಿಯನ್ನು ಕಲಿಸುತ್ತಾರೆ. ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರಮಾಲೆಯನ್ನು ಆಗ ನೆನಪಿಸಿಕೊಳ್ಳಿ. ಕ ಬಾಯಿಯ ಹಿಂಭಾಗದಲ್ಲಿ, ಚ ಅಂಗಳದಲ್ಲಿ, ಟ ನಾಲಿಗೆ ಮಡಚಿ, ತ ಹಲ್ಲಿಗೆ ತಾಗಿಸಿ, ಪ ತುಟಿ ಮುಚ್ಚಿ. ಗಂಟಲಿಗೆ ಕೈಯಿಟ್ಟು ಕ, ಗ ಎಂದು ನೋಡಿ. ಗ ಎನ್ನುವಾಗ ಗಂಟಲು ನಡುಗುತ್ತದೆ. ಭಾರತದ ಶಿಕ್ಷಾ ಗ್ರಂಥಗಳನ್ನು ಬರೆದವರು ಎರಡು ಸಾವಿರ ವರ್ಷಗಳ ಹಿಂದೆಯೇ ಗಮನಿಸಿದ ಕ್ರಮ ಇದು.

ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡ ಕನ್ನಡದ ಅಜ್ಜ ಒಬ್ಬರು ಅಮೆರಿಕದ ಆಸ್ಪತ್ರೆಯಲ್ಲಿದ್ದಾರೆ ಎಂದುಕೊಳ್ಳಿ. ಕಳೆದುಹೋಗಿರುವುದು ಅವರ ಮಾತೋ, ಅಥವಾ ಅವರಿಗೆ ಎಂದೂ ಅಷ್ಟಾಗಿ ಬಾರದಿದ್ದ ಇಂಗ್ಲಿಷೋ ಎಂದು ಗೊತ್ತಾಗಬೇಕಾದರೆ ಕನ್ನಡ ಬಲ್ಲ ಒಬ್ಬರು ಪಕ್ಕದಲ್ಲಿ ಕೂತು ಮಾತಾಡಿಸಬೇಕು. ಮೇಜರ್ ಆರಿಸುವ ಮುಂಚೆ ನಿಮ್ಮ ಕಾಲೇಜಿನಲ್ಲಿ ಈ ವಿಭಾಗ ಇದ್ದರೆ ಒಂದು ತರಗತಿಗೆ ಹೋಗಿ ಕೂತು ಬನ್ನಿ.