ಮೈಸೂರು ಗಂಧ, ಕನೌಜಿನ ಅತ್ತರು, ಮತ್ತು ಲೇಬಲ್ ಮೇಲಿನ ‘ಪರ್ಫ್ಯೂಮ್’ ಅನ್ನೋ ಒಂದು ಪದ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಮೆಟ್ರೋದಲ್ಲಿ ಓದ್ಕೊಳ್ತೀವಿ ಅನ್ನೋರಿಗಾಗಿ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.

ನಿಮ್ಮ ಬಾತ್‌ರೂಮಿನಲ್ಲಿರೋ ಯಾವುದಾದರೂ ಶಾಂಪೂ ಬಾಟಲಿ ಹಿಂದೆ ತಿರುಗಿಸಿ. ಇಪ್ಪತ್ತು ಮೂವತ್ತು ರಾಸಾಯನಿಕಗಳ ಹೆಸರು ಸಾಲಾಗಿ ಇರುತ್ತೆ. ಅದರಲ್ಲಿ ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರೆನ್ಸ್’ ಅಂತ ಒಂದೇ ಒಂದು ಪದ. ಉಳಿದದ್ದೆಲ್ಲ ಒಂದೊಂದು ವಸ್ತು; ಇದು ಮಾತ್ರ ಒಂದು ವಸ್ತು ಅಲ್ಲ. ಆ ಒಂದು ಪದದ ಹಿಂದೆ ಹತ್ತು ವಸ್ತು ಇರಬಹುದು, ನೂರೂ ಇರಬಹುದು. ಯಾವುದು, ಎಷ್ಟು ಅಂತ ನಿಮಗೆ ಹೇಳಬೇಕಾದ ಬಾಧ್ಯತೆ ನಮ್ಮ ದೇಶದಲ್ಲಿ ಕಂಪನಿಗೆ ಇಲ್ಲ. ಇದು ಹೇಗಾಯ್ತು ಅನ್ನೋದು ಇವತ್ತಿನ ಕಥೆ. ಈ ಕಥೆಯಲ್ಲಿ ಮೈಸೂರೂ ಇದೆ, ನಾವು ಕೂತಿರೋ ಈ ದೆಹಲಿಯೂ ಇದೆ, ಅದಕ್ಕೇ ಆರಿಸ್ಕೊಂಡೆ.

ಮೊದಲು ಚಾಂದನಿ ಚೌಕಕ್ಕೆ ಹೋಗೋಣ. ದರೀಬಾ ಕಲಾಂ ಗಲ್ಲಿಯಲ್ಲಿ ಬೆಳ್ಳಿ ಅಂಗಡಿಗಳ ನಡುವೆ ಗುಲಾಬ್ ಸಿಂಗ್ ಜೋಹ್ರಿಮಲ್ ಅಂತ ಒಂದು ಅತ್ತರಿನ ಅಂಗಡಿ. 1816ರದ್ದು. ಅಂದ್ರೆ ಕೆಂಪುಕೋಟೆಯಲ್ಲಿ ಇನ್ನೂ ಮೊಗಲ್ ಬಾದಶಹ ಇದ್ದ ಕಾಲ. ಇಂಥ ಅಂಗಡಿಗಳಿಗೆ ಅತ್ತರು ಬರ್ತಿದ್ದ ದೊಡ್ಡ ಮೂಲ ಗಂಗೆಯ ಬಯಲಿನ ಕನೌಜ್. ಹರ್ಷವರ್ಧನನ ರಾಜಧಾನಿಯಾಗಿದ್ದ ಅದೇ ಕನೌಜ್. ಹರ್ಷನ ದಂಡನ್ನು ನರ್ಮದೆಯ ಹತ್ತಿರ ತಡೆದವನು ನಮ್ಮ ಇಮ್ಮಡಿ ಪುಲಿಕೇಶಿ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಆ ಊರು. ಲಖನೌಗೆ ಎಕ್ಸ್‌ಪ್ರೆಸ್‌ವೇನಲ್ಲಿ ಹೋಗೋವಾಗ ಬೋರ್ಡ್ ಕಾಣುತ್ತೆ.

ಕನೌಜಿನ ವಿಧಾನ ಬಹಳ ಸರಳ. ‘ದೇಗ್’ ಅನ್ನೋ ತಾಮ್ರದ ಹಂಡೆಯಲ್ಲಿ ಗುಲಾಬಿಯೋ ಮಲ್ಲಿಗೆಯೋ ಹಾಕಿ, ನೀರು ತುಂಬಿ, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ ಕೆಳಗೆ ಬೆಂಕಿ ಹಾಕ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹರಿದು ‘ಭಪ್ಕಾ’ ಅನ್ನೋ ಇನ್ನೊಂದು ಪಾತ್ರೆಗೆ ಇಳಿಯುತ್ತೆ. ಅದು ತಣ್ಣೀರಿನ ತೊಟ್ಟಿಯಲ್ಲಿ ಕೂತಿರುತ್ತೆ. ಭಪ್ಕಾ ಖಾಲಿ ಇರಲ್ಲ, ಒಳಗೆ ಶ್ರೀಗಂಧದ ಎಣ್ಣೆ ಇರುತ್ತೆ. ಹೂವಿನ ಪರಿಮಳ ಆ ಎಣ್ಣೆಯಲ್ಲಿ ಕರಗುತ್ತೆ. ದಿನಾ ಹೊಸ ಹೂವು, ಅದೇ ಎಣ್ಣೆ, ಹೀಗೆ ಹಲವು ದಿನ. ಗಂಧದೆಣ್ಣೆ ಬೇಗ ಆರಿಹೋಗಲ್ಲ, ಹಾಗಾಗಿ ಗುಲಾಬಿಯ ಸುವಾಸನೆಯನ್ನೂ ಹಿಡಿದಿಟ್ಕೊಳ್ಳುತ್ತೆ. ದೆಹಲಿಯ ನವಾಬನ ಮೈಮೇಲೆ ಗುಲಾಬಿಯ ಅಡಿಯಲ್ಲಿ ಇದ್ದದ್ದು ಶ್ರೀಗಂಧ ಅನ್ನಬಹುದು. ಆ ಮರ ಹೆಚ್ಚಾಗಿ ಬೆಳೆಯೋದು ನಮ್ಮ ಕಡೆ.

ಮೈಸೂರಿನ ಗಂಧದ ಮರ ಟಿಪ್ಪು ಕಾಲದಿಂದಲೂ ಸರ್ಕಾರದ ಸೊತ್ತು. ನಿಮ್ಮ ಹಿತ್ತಲಲ್ಲೇ ಬೆಳೆದರೂ ಅದು ರಾಜನದು. ಮರವನ್ನು ಹರಾಜು ಹಾಕ್ತಿದ್ರು, ಮೊದಲ ಮಹಾಯುದ್ಧಕ್ಕೆ ಮುಂಚೆ ಅದರಲ್ಲಿ ದೊಡ್ಡ ಪಾಲು ಹಡಗು ಹತ್ತಿ ಜರ್ಮನಿಗೆ ಹೋಗ್ತಿತ್ತು. ಎಣ್ಣೆ ತೆಗೀತಿದ್ದವರು ಅವರು. ಒಂದು ತಮಾಷೆ ಅಂದ್ರೆ, ಆ ಎಣ್ಣೆಗೆ ಆಗ ಸೆಂಟಿನಷ್ಟೇ ಔಷಧದ ಮಾರುಕಟ್ಟೆಯೂ ಇತ್ತು. ಗೊನೋರಿಯಾ ಕಾಯಿಲೆಗೆ ಯುರೋಪಿನ ವೈದ್ಯರು ಗಂಧದೆಣ್ಣೆಯ ಕ್ಯಾಪ್ಸೂಲ್ ಕೊಡ್ತಿದ್ರು. ಆಂಟಿಬಯಾಟಿಕ್ ಬಂದ ಮೇಲೆ ಅದು ನಿಂತಿತು.

1914ರಲ್ಲಿ ಯುದ್ಧ ಶುರುವಾಯ್ತು, ಕೊಳ್ಳೋ ಜರ್ಮನಿ ಶತ್ರು ದೇಶ ಆಯ್ತು, ಮರ ಗೋದಾಮಿನಲ್ಲಿ ಉಳೀತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು, ಆಲ್ಫ್ರೆಡ್ ಚಾಟರ್ಟನ್ ಕೈಗಾರಿಕೆ ನೋಡ್ಕೊಳ್ತಿದ್ದವರು. ಎಣ್ಣೆ ಇಲ್ಲೇ ಯಾಕೆ ತೆಗೆಯಬಾರದು ಅಂತ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗ ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ಬಂತು, ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಸೋಪು ಮಾಡೋ ವಿದ್ಯೆ ಕಲಿಸಿದರು, 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು. ಇಷ್ಟು ನಮಗೆಲ್ಲ ಗೊತ್ತಿರೋ ಹೆಮ್ಮೆಯ ಭಾಗ.

ಅಷ್ಟು ಗೊತ್ತಿಲ್ಲದ ಭಾಗ ಜರ್ಮನಿಯಲ್ಲಿದೆ. ನಮ್ಮ ಮರ ಅಲ್ಲಿಗೆ ಹೋಗ್ತಿದ್ದ ಕಾಲದಲ್ಲೇ ಅಲ್ಲಿಯ ರಸಾಯನಶಾಸ್ತ್ರಜ್ಞರು ಮರವೇ ಬೇಡದ ಪರಿಮಳ ಹುಡುಕ್ತಿದ್ದರು. 1868ರಲ್ಲಿ ಇಂಗ್ಲೆಂಡಿನ ಪರ್ಕಿನ್ ಕೂಮರಿನ್ ತಯಾರಿಸಿದ್ದ, 1874ರಲ್ಲಿ ಜರ್ಮನಿಯಲ್ಲಿ ಟೀಮನ್ ಮತ್ತು ಹಾರ್ಮನ್ ವೆನಿಲಿನ್ ಮಾಡಿದರು. 1888ರಲ್ಲಿ ಆಲ್ಬರ್ಟ್ ಬಾವರ್ ಅನ್ನೋನು ಸಿಡಿಮದ್ದಿನ ಮೇಲೆ ಕೆಲಸ ಮಾಡ್ತಿದ್ದ, ಟಿಎನ್‌ಟಿ ಥರದ್ದು. ಬಂದ ವಸ್ತು ಸಿಡಿಯೋದರಲ್ಲಿ ಏನೂ ವಿಶೇಷ ಇರಲಿಲ್ಲ, ಆದರೆ ಕಸ್ತೂರಿಯ ವಾಸನೆ! ಹಿಮಾಲಯದ ಕಸ್ತೂರಿಮೃಗವನ್ನು ಕೊಂದು ತರಬೇಕಾದ, ಬಂಗಾರದ ಬೆಲೆಯ ಕಸ್ತೂರಿ. ಅದು ಈಗ ಪ್ರಯೋಗಾಲಯದಲ್ಲಿ. ಮಸ್ಕ್ ಜೈಲೀನ್, ಮಸ್ಕ್ ಕೀಟೋನ್, ಮಸ್ಕ್ ಆಂಬ್ರೆಟ್ ಅಂತ ಒಂದರ ಹಿಂದೆ ಒಂದು ಬಂದವು. ಬಡವರ ಸೋಪಿಗೂ ಕಸ್ತೂರಿ ಬಂತು. ಇದನ್ನು ಬರೀ ಕೆಟ್ಟದ್ದು ಅಂತ ನಾನು ಹೇಳಲ್ಲ. ಎಷ್ಟೋ ಮೃಗಗಳು ಉಳಿದವು, ಪರಿಮಳ ಅನ್ನೋದು ಅರಮನೆ ಬಿಟ್ಟು ಬೀದಿಗೂ ಬಂತು.

ಆದರೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಇದನ್ನ ದಿನಾ ಮೈಗೆ ಹಚ್ಚಿಕೊಂಡರೆ ಏನಾಗುತ್ತೆ? ವಾಸನೆ ತಾನೇ, ಅದರಿಂದ ಏನಾಗುತ್ತೆ ಅನ್ನೋ ಭಾವ.

ಉತ್ತರ ತಡವಾಗಿ ಬಂತು. 1967ರಲ್ಲಿ ಮಸ್ಕ್ ಆಂಬ್ರೆಟ್ ತಿನ್ನಿಸಿದ ಇಲಿಗಳ ಹಿಂಗಾಲು ಬಿದ್ದುಹೋಯ್ತು, ಗಂಡು ಇಲಿಗಳ ವೃಷಣ ಸೊರಗಿತು. ಆಮೇಲೂ ಅದು ಮಾರಾಟದಲ್ಲೇ ಇತ್ತು. 1970ರ ದಶಕದ ಕೊನೆಯಲ್ಲಿ ಆಫ್ಟರ್‌ಶೇವ್ ಹಚ್ಚಿ ಬಿಸಿಲಿಗೆ ಹೋದ ಗಂಡಸರ ಮುಖದಲ್ಲಿ ಕೆಂಪು ದದ್ದು ಕಾಣಿಸಿಕೊಂಡಾಗ ಚರ್ಮವೈದ್ಯರು ಹುಡುಕಿ ಹಿಡಿದದ್ದು ಇದನ್ನೇ. 1987ರಲ್ಲಿ ಜಪಾನಿನ ವೈದ್ಯರು ಧೂಪದಿಂದ ಚರ್ಮದ ಬಣ್ಣ ಹೋದ ಪ್ರಕರಣ ವರದಿ ಮಾಡಿದರು, ಅಲ್ಲೂ ಇದೇ ವಸ್ತು. ಯುರೋಪು ನಿಷೇಧಿಸಿದ್ದು 1995ರಲ್ಲಿ. ಹುಟ್ಟಿ ನೂರು ವರ್ಷ ಆದ ಮೇಲೆ.

ಇನ್ನೊಂದು ಕಥೆ ಎಇಟಿಟಿ ಅನ್ನೋ ಕಸ್ತೂರಿ ವಸ್ತುವಿನದ್ದು. 1955ರಿಂದ ಸೋಪು, ಕ್ರೀಮು, ಸೆಂಟುಗಳಲ್ಲಿ ಬಳಸಿದರು. 1977ರ ಹೊತ್ತಿಗೆ ಪ್ರಯೋಗದ ಇಲಿಗಳನ್ನು ಕೊಯ್ದು ನೋಡಿದಾಗ ಒಳಗಿನ ಅಂಗಗಳು ನೀಲಿ ಬಣ್ಣಕ್ಕೆ ತಿರುಗಿದ್ದವು, ನರಗಳು ಹಾಳಾಗಿದ್ದವು. ಕಂಪನಿಗಳು ತಾವಾಗಿಯೇ ಹಿಂದಕ್ಕೆ ತಗೊಂಡವು. ಅದಕ್ಕೆ ಮುಂಚೆ ಎರಡು ದಶಕ ಜನ ಅದನ್ನು ಚರ್ಮಕ್ಕೆ ಹಚ್ಚಿಕೊಂಡಿದ್ದರು, ಲೇಬಲ್ ಮೇಲೆ ಇದ್ದದ್ದು ಹೆಚ್ಚೆಂದರೆ ‘ಪರ್ಫ್ಯೂಮ್’. ನನಗೆ ಇಲಿಗಿಂತ ಹೆಚ್ಚು ಕಾಡೋದು ಆ ಲೇಬಲ್. ಯಾರಿಗೆ ಏನಾಯ್ತು ಅಂತ ಹಿಂತಿರುಗಿ ಲೆಕ್ಕ ಹಾಕೋಣ ಅಂದ್ರೆ ಯಾರು ಯಾವುದನ್ನು ಬಳಸಿದರು ಅನ್ನೋದಕ್ಕೇ ದಾಖಲೆ ಇಲ್ಲ. ನಾವು ಸಾಫ್ಟ್‌ವೇರ್‌ನವರು, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಲಾಗ್ ಆಫ್ ಮಾಡಿ ಪ್ರೊಡಕ್ಷನ್‌ಗೆ ಬಿಟ್ಟ ಹಾಗೆ.

ಈಗ ಕನೌಜಿಗೆ ವಾಪಸ್. ಇಪ್ಪತ್ತನೇ ಶತಮಾನದ ಕೊನೆಗೆ ನಮ್ಮ ಗಂಧದ ಕಾಡು ಬರಿದಾಯ್ತು. ಕಳ್ಳಸಾಗಣೆ, ವೀರಪ್ಪನ್, ಸ್ಪೈಕ್ ಅನ್ನೋ ರೋಗ ಎಲ್ಲ ಕಾರಣ. ಅದಕ್ಕಿಂತ ದೊಡ್ಡ ಕಾರಣ ಆ ಹಳೇ ಕಾನೂನೇ ಅನ್ನೋದು ನನ್ನ ಅಭಿಪ್ರಾಯ. ಮರ ಸರ್ಕಾರದ್ದು ಅಂದ ಮೇಲೆ ಯಾವ ರೈತ ಗಿಡ ಉಳಿಸ್ತಾನೆ? ಮೊಳಕೆಯಲ್ಲೇ ಕಿತ್ತು ಹಾಕಿದರೆ ಅರಣ್ಯ ಇಲಾಖೆ ತಲೆನೋವೇ ಇಲ್ಲ. 1998ರಲ್ಲಿ ಐಯುಸಿಎನ್ ಶ್ರೀಗಂಧವನ್ನು ಅಪಾಯದಲ್ಲಿರೋ ಪ್ರಭೇದಗಳ ಪಟ್ಟಿಗೆ ಸೇರಿಸಿತು. 2001ರಲ್ಲಿ ಕರ್ನಾಟಕ ಕಾನೂನು ತಿದ್ದಿ ಬೆಳೆದವನಿಗೇ ಒಡೆತನ ಕೊಟ್ಟಿತು. ಅಷ್ಟರಲ್ಲಿ ಎಣ್ಣೆಯ ಬೆಲೆ ಕನೌಜಿನವರ ಕೈಗೆ ಎಟುಕದಷ್ಟು ಏರಿತ್ತು.

ಭಪ್ಕಾದೊಳಗೆ ಗಂಧದೆಣ್ಣೆಯ ಜಾಗಕ್ಕೆ ಬಂದದ್ದು ಲಿಕ್ವಿಡ್ ಪ್ಯಾರಫಿನ್, ಅಂದ್ರೆ ಪೆಟ್ರೋಲಿಯಂ ಎಣ್ಣೆ, ಮತ್ತು ಡಿಓಪಿ. ಡಿಓಪಿ ಥ್ಯಾಲೇಟ್ ಗುಂಪಿನದ್ದು, ಪಿವಿಸಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡೋಕೆ ಹಾಕೋ ದ್ರಾವಣ. ಬಣ್ಣ ಇಲ್ಲ, ವಾಸನೆ ಇಲ್ಲ, ಬೇಗ ಆರಲ್ಲ, ಅಗ್ಗ. ಅತ್ತರಿನವನ ಕಣ್ಣಿಂದ ನೋಡಿದರೆ ಹೇಳಿ ಮಾಡಿಸಿದ ವಸ್ತು. ದೇಹದ ಕಣ್ಣಿಂದ ನೋಡಿದರೆ ಗಂಡು ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರೋದು, ಅದರಲ್ಲೂ ಗರ್ಭದಲ್ಲಿರೋ ಮಗುವಿಗೆ. ಈ ಕಾರಣಕ್ಕೇ ಯುರೋಪಿನಲ್ಲಿ ಸೌಂದರ್ಯ ಸಾಮಗ್ರಿಗೆ ಇದನ್ನು ಹಾಕೋ ಹಾಗಿಲ್ಲ. ಇದರ ಅಣ್ಣತಮ್ಮ ಡಿಇಪಿ ಅಗರಬತ್ತಿ ಸೆಂಟಿಗೂ ಡಿಯೋಗೂ ದ್ರಾವಕ. ಡಿಇಪಿ ಮೇಲೆ ಅಷ್ಟು ಗಟ್ಟಿಯಾದ ಆರೋಪ ಇಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಥ್ಯಾಲೇಟ್ ಅಂದ ತಕ್ಷಣ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕೋ ವಾಟ್ಸಾಪ್ ಫಾರ್ವರ್ಡ್‌ಗಳಿಂದ ಯಾರಿಗೂ ಉಪಯೋಗ ಇಲ್ಲ.

ಹಾಗಂತ ಕನೌಜಿನ ಎಲ್ಲರೂ ಡಿಓಪಿ ಹಾಕ್ತಾರೆ ಅಂತಲ್ಲ. ನಿಜವಾದ ಗಂಧದೆಣ್ಣೆಯ ಮೇಲೆ ಇಳಿಸಿದ ಅತ್ತರು ಇವತ್ತಿಗೂ ಸಿಗುತ್ತೆ, ಬೆಲೆಯೇ ಗುರುತು. ನೂರು ರೂಪಾಯಿಗೆ ಚಿಕ್ಕ ಬಾಟಲಿ ಗುಲಾಬಿ ಅತ್ತರು ಕೊಟ್ಟರೆ ಅದರಲ್ಲಿ ಗುಲಾಬಿಯೂ ಇಲ್ಲ, ಗಂಧವೂ ಇಲ್ಲ.

‘ಹಾಗಾದ್ರೆ ನ್ಯಾಚುರಲ್ ತಗೊಂಡರೆ ಸರಿ ತಾನೇ?’ ಅಂತ ಕೇಳ್ತಾರೆ. ಅಷ್ಟು ಸುಲಭ ಅಲ್ಲ. ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನೀನ್, ಲ್ಯಾವೆಂಡರ್‌ನ ಲಿನಲೂಲ್ ಎರಡೂ ಗಿಡದಿಂದಲೇ ಬಂದವು. ಗಾಳಿಗೆ ತೆರೆದಿಟ್ಟರೆ ಆಕ್ಸಿಡೈಸ್ ಆಗಿ ಚರ್ಮದ ಅಲರ್ಜಿ ತರೋ ವಸ್ತುವಾಗ್ತವೆ. ಲಿಮೊನೀನ್ ಓಝೋನ್ ಜೊತೆ ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತೆ, ಸಣ್ಣ ಕಣಗಳೂ ಹುಟ್ತವೆ. ದೆಹಲಿಯ ಬೇಸಿಗೆಯಲ್ಲಿ ಓಝೋನ್‌ಗೆ ಬರ ಇಲ್ಲ. ಅಯಾನೈಸರ್ ಇರೋ ಕೆಲವು ಅಗ್ಗದ ಪ್ಯೂರಿಫೈಯರ್‌ಗಳು ಮನೆಯೊಳಗೇ ಓಝೋನ್ ಮಾಡ್ತವೆ. ಅದರ ಪಕ್ಕ ನಿಂಬೆ ಪರಿಮಳದ ರೂಮ್ ಸ್ಪ್ರೇ ಹೊಡೆದರೆ?

ಎನ್‌ಸಿಆರ್‌ನಲ್ಲಿ ಇರೋ ನಮಗೆ ಇದು ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯ ಯಾಕೆ ಅಂದ್ರೆ, ನಾವು ಕಿಟಕಿ ತೆಗೆಯಲ್ಲ. ನವೆಂಬರ್‌ನಿಂದ ಹೊಗೆಗೆ, ಏಪ್ರಿಲ್‌ನಿಂದ ಸೆಕೆಗೆ. ನಾನಿರೋ ನೋಯ್ಡಾದ ಫ್ಲಾಟ್‌ನಲ್ಲಿ ವರ್ಷದಲ್ಲಿ ಮನಸಾರೆ ಕಿಟಕಿ ತೆಗೆಯೋದು ಹೋಳಿಯ ಹಿಂದೆಮುಂದೆ ಕೆಲವು ವಾರ, ಮತ್ತೆ ಮಳೆ ಬಂದ ಮಾರನೇ ದಿನ. ಆ ಮುಚ್ಚಿದ ಪೆಟ್ಟಿಗೆಯೊಳಗೆ ಬೆಳಿಗ್ಗೆ ಎರಡು ಊದಿನಕಡ್ಡಿ, ನೆಲಕ್ಕೆ ಪರಿಮಳದ ಕ್ಲೀನರ್, ಬಟ್ಟೆಗೆ ಕಂಡೀಷನರ್, ಮೈಗೆ ಡಿಯೋ. ಪ್ಯೂರಿಫೈಯರ್ ಇದೆಯಲ್ಲ ಅಂತೀರಿ. ಹೆಪಾ ಫಿಲ್ಟರ್ ಹಿಡಿಯೋದು ಕಣಗಳನ್ನ, ಅನಿಲವನ್ನಲ್ಲ. ಅನಿಲಕ್ಕೆ ಇದ್ದಿಲಿನ ಪದರ ಬೇಕು, ಎಷ್ಟೋ ಮಾಡೆಲ್‌ಗಳಲ್ಲಿ ಅದು ತೆಳ್ಳಗಿನ ಬಟ್ಟೆಯಷ್ಟೇ.

ಊದಿನಕಡ್ಡಿ ಬಗ್ಗೆ ಮಾತಾಡಿದರೆ ಬೇಜಾರು ಮಾಡ್ಕೊಳ್ಳೋರು ಇದ್ದಾರೆ, ಗೊತ್ತು. ಮೈಸೂರು ಅಗರಬತ್ತಿಗೆ ಜಿಐ ಮಾನ್ಯತೆ ಇದೆ, ನಮ್ಮಲ್ಲಿ ಸಾವಿರಾರು ಹೆಣ್ಣುಮಕ್ಕಳ ಜೀವನ ಅದರ ಮೇಲಿದೆ. ಆದರೂ 2008ರಲ್ಲಿ ಬಂದ ಸಿಂಗಾಪುರದ ಅಧ್ಯಯನ ಪಕ್ಕಕ್ಕೆ ಇಡೋಕಾಗಲ್ಲ. 61 ಸಾವಿರಕ್ಕೂ ಹೆಚ್ಚು ಚೀನೀ ಮೂಲದವರನ್ನು ವರ್ಷಗಟ್ಟಲೆ ಗಮನಿಸಿದರು. ಮನೆಯಲ್ಲಿ ದೀರ್ಘಕಾಲ ಧೂಪ ಹಚ್ಚೋರಲ್ಲಿ ಉಸಿರಾಟದ ದಾರಿಯ ಸ್ಕ್ವೇಮಸ್ ಮಾದರಿಯ ಕ್ಯಾನ್ಸರ್ ಹೆಚ್ಚು ಕಂಡಿತು. ಹೊಗೆ ಅಂದ್ರೆ ಹೊಗೆ. ದೇವರ ಮುಂದೆ ಹಚ್ಚಿದರೂ ಪಿಎಂ 2.5 ಆಗಲ್ಲ ಅಂತೇನಿಲ್ಲ. ಪೂಜೆ ಬಿಡಿ ಅಂತ ಹೇಳ್ತಿಲ್ಲ. ಒಂದು ಕಡ್ಡಿ ಸಾಕು, ಬಾಲ್ಕನಿ ಬಾಗಿಲು ತೆಗೆದಿರಲಿ. ಮನೆಯಲ್ಲಿ ಉಬ್ಬಸದ ಮಗು ಇದ್ದರೆ ತುಪ್ಪದ ದೀಪದ ಜೊತೆ ಹೂವೇ ಸಾಕು.

ನುಸಿಗುಳಿಗೆಯ ವಿಷಯ ಚಿಕ್ಕದಾಗಿ. ಸ್ವೆಟರ್ ಪೆಟ್ಟಿಗೆಯಲ್ಲಿ, ವಾಶ್‌ಬೇಸಿನ್‌ನಲ್ಲಿ ಹಾಕೋ ಬಿಳಿ ನ್ಯಾಫ್ತಲೀನ್ ಉಂಡೆ ಯುರೋಪಿನ ಅಂಗಡಿಗಳಿಂದ 2008ರಲ್ಲೇ ಹೋಯ್ತು. ಜಿ6ಪಿಡಿ ಕೊರತೆ ಇರೋ ಮಕ್ಕಳಿಗೆ ಅದರ ಆವಿಯಿಂದಲೇ ರಕ್ತದ ಕೆಂಪುಕಣ ಒಡೆಯಬಹುದು. ಚಳಿಗಾಲ ಶುರುವಾಗೋವಾಗ ಪೆಟ್ಟಿಗೆಯಿಂದ ತೆಗೆದ ಕಂಬಳಿಯನ್ನು ಬಿಸಿಲಿಗೆ ಹಾಕದೇ ಹಸುಗೂಸಿಗೆ ಹೊದಿಸಬೇಡಿ.

ಇನ್ನು ಕಾನೂನು. ಯುರೋಪು 2003ರಲ್ಲಿ 26 ಪರಿಮಳ ಅಲರ್ಜಿಕಾರಕಗಳನ್ನು ಹೆಸರಿಸಲೇಬೇಕು ಅಂತ ನಿಯಮ ಮಾಡಿತು, 2023ರಲ್ಲಿ ಆ ಪಟ್ಟಿ 80 ದಾಟಿತು. ನಮ್ಮ ಆಮದು ಶಾಂಪೂಗಳ ಹಿಂದೆ ಲಿನಲೂಲ್, ಲಿಮೊನೀನ್ ಅಂತ ಹೆಸರು ಕಾಣೋದು ಆ ಕಾರಣಕ್ಕೆ, ನಮ್ಮ ಮೇಲಿನ ಪ್ರೀತಿಯಿಂದಲ್ಲ. ಲಿಲಿಯಲ್ ಅನ್ನೋ ಜನಪ್ರಿಯ ಹೂವಿನ ವಾಸನೆಯನ್ನು ಸಂತಾನಶಕ್ತಿಗೆ ಹಾನಿ ಅಂತ 2022ರ ಮಾರ್ಚ್‌ನಿಂದ ಅಲ್ಲಿ ನಿಷೇಧಿಸಿದರು. ಹಳೇ ಸ್ಟಾಕ್ ಬಾಟಲಿಗಳಲ್ಲಿ ‘ಬ್ಯುಟೈಲ್‌ಫೀನೈಲ್ ಮೀಥೈಲ್‌ಪ್ರೊಪಿಯೊನಲ್’ ಅಂತ ಉದ್ದ ಹೆಸರಿದ್ದರೆ ಅದೇ. ಭಾರತದಲ್ಲಿ 2020ರ ಕಾಸ್ಮೆಟಿಕ್ಸ್ ನಿಯಮಗಳಿವೆ, ಪರಿಮಳದ ಮಟ್ಟಿಗೆ ಆ ಒಂದು ಪದವೇ ಸಾಕು.

ನೆಲ ಒರೆಸೋ ದ್ರವ, ರೂಮ್ ಸ್ಪ್ರೇ ಇವು ಕಾಸ್ಮೆಟಿಕ್ಕೇ ಅಲ್ಲ, ಹಾಗಾಗಿ ಅಷ್ಟು ಪಟ್ಟಿಯೂ ಇಲ್ಲ. ಅಗರಬತ್ತಿಗೆ ಮಾತ್ರ 2025ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲೇ ಒಂದು ಹೆಜ್ಜೆ ಆಯ್ತು. ಐಎಸ್ 19412 ಅನ್ನೋ ಬಿಐಎಸ್ ಮಾನದಂಡವನ್ನು ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಬಿಡುಗಡೆ ಮಾಡಿದರು. ಅಲೆಥ್ರಿನ್, ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಥರದ ಕೀಟನಾಶಕಗಳೂ, ಬೆಂಜೈಲ್ ಸಯನೈಡ್, ಡೈಫೀನೈಲ್ ಅಮೈನ್ ಥರದ ರಾಸಾಯನಿಕಗಳೂ ಕಡ್ಡಿಯಲ್ಲಿ ಇರಬಾರದು ಅಂತ ಅದರಲ್ಲಿದೆ. ಕಡ್ಡಾಯ ಅಲ್ಲ, ಒಪ್ಪಿದವರಿಗೆ ಐಎಸ್‌ಐ ಗುರುತು ಸಿಗುತ್ತೆ. ಮುಂದಿನ ಸಲ ಊರಿಂದ ಬರುವಾಗ ಅಮ್ಮ ಬ್ಯಾಗಿಗೆ ತುರುಕೋ ಅಗರಬತ್ತಿ ಪ್ಯಾಕೆಟ್ ಮೇಲೆ ಆ ಗುರುತು ಇದೆಯಾ ನೋಡಿ.